ಕಾಂಬೋದಲ್ಲಿ ಟೈಪ್ ಮಾಡಿದ ಊರು ಎಲ್ಲಿ ಹೋಗುತ್ತದೆ? ಬ್ಯಾಡಗಿ ಬಿಲ್ಲಿನ ಗೋಳು

ಚೀಲದ ಲೆಕ್ಕ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ಕಾಂಬೋ ಬಾಕ್ಸ್ (ಪಟ್ಟಿಯಿಂದ ಆರಿಸಲೂ ಟೈಪ್ ಮಾಡಲೂ ಬರುವ ಪೆಟ್ಟಿಗೆ) ನನ್ನ ಮಾನ ಕಳೆಯುತ್ತಿದೆ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಭಾಷೆ ಸಿ ಶಾರ್ಪ್, ಪರದೆಗಳಿಗೆ ವಿನ್‌ಫಾರ್ಮ್ಸ್, ಹಿಂದೆ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ಮೆಣಸಿನಕಾಯಿ ಚೀಲ ಇಳಿದ ಕೂಡಲೇ ಆಪರೇಟರ್ ಹುಡುಗ ರೈತರ ಹೆಸರು, ಊರು, ತಳಿ, ಎಷ್ಟು ಚೀಲ ಅಂತ ಹಾಕುತ್ತಾನೆ. ತೂಕ, ದರ ಆಮೇಲೆ. ತಳಿಗೆ ಡ್ರಾಪ್‌ಡೌನ್ ಇದೆ: ಡಬ್ಬಿ, ಕಡ್ಡಿ, ಗುಂಟೂರು. ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಊರಿನಲ್ಲಿ.

ಮೊದಲು ಊರಿಗೂ ಆರಿಸಲು ಮಾತ್ರ ಬರುವ ಪಟ್ಟಿಯನ್ನೇ ಇಟ್ಟಿದ್ದೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಸುಮಾರು 600 ಊರು ತುಂಬಿದ್ದೆ. ಸುಗ್ಗಿ ಶುರುವಾಯಿತು ನೋಡಿ, ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯಿಂದ ಗಾಡಿಗಳು ಬಂದವು. ಆ ಊರುಗಳು ನನ್ನ ಪಟ್ಟಿಯಲ್ಲಿ ಎಲ್ಲಿರಬೇಕು? ಸಾಹುಕಾರರು ಫೋನ್ ಮಾಡಿ, "ಏನಪಾ ತಮ್ಮಾ, ನಿನ್ನ ಕಂಪ್ಯೂಟರ್ ಊರ ಹೆಸರೇ ತಗೋವಲ್ದು, ಮಂದಿ ಪಾಳಿ ಹಚ್ಚಿ ನಿಂತಾರ" ಎಂದರು. ಅವಸರದಲ್ಲಿ ಡ್ರಾಪ್‌ಡೌನ್‌ಸ್ಟೈಲ್ ಪ್ರಾಪರ್ಟಿಯನ್ನು ಡ್ರಾಪ್‌ಡೌನ್‌ಲಿಸ್ಟ್‌ನಿಂದ ಡ್ರಾಪ್‌ಡೌನ್‌ಗೆ ಬದಲಾಯಿಸಿದೆ. ಈಗ ಟೈಪ್ ಮಾಡಬಹುದು. ಕೆಲಸ ಮುಗಿಯಿತು ಅಂದುಕೊಂಡೆ.

ಆಮೇಲೆ ಒಂದೊಂದೇ ಗೋಳು. ತಿಂಗಳ ಕೊನೆಗೆ ಊರವಾರು ವರದಿ ತೆಗೆದರೆ ನೂರಾರು ಚೀಲ ಕಡಿಮೆ. ಹುಡುಕಿದರೆ, ಟೈಪ್ ಮಾಡಿದ ಊರಿಗೆಲ್ಲ ಐಡಿ 0 ಅಂತ ಸೇವ್ ಆಗಿದೆ. ಎರರ್ ಒಂದೂ ಬಂದಿಲ್ಲ. ಸರಿ, ಪಟ್ಟಿಯಲ್ಲಿ ಇಲ್ಲದ್ದನ್ನು ತಾನೇ ಮಾಸ್ಟರ್ ಟೇಬಲ್ಲಿಗೆ (ಊರುಗಳ ಮೂಲ ಪಟ್ಟಿಗೆ) ಸೇರಿಸಲಿ ಅಂತ ನಾಲ್ಕು ಸಾಲು ಬರೆದೆ. ಎರಡೇ ತಿಂಗಳಲ್ಲಿ 600 ಊರು ಹೋಗಿ 1,140 ಆದವು. ಹುಬ್ಬಳ್ಳಿ ಒಂದೇ ಐದು ನಮೂನೆ: ಹುಬ್ಬಳ್ಳಿ, ಹುಬ್ಳಿ, ಹುಬ್ಲಿ, ಕೊನೆಗೆ ಸ್ಪೇಸ್ ಇರುವ ಹುಬ್ಬಳ್ಳಿ, ಮತ್ತೆ ಬರೀ "ಹುಬ್". ಕೊನೆಯದು ಏನೆಂದು ನನಗೂ ತಿಳಿಯಲಿಲ್ಲ.

ಇವೆರಡನ್ನೂ ಹೇಗೋ ಸಹಿಸಬಹುದು. ಮೂರನೆಯದು ಮರ್ಯಾದೆ ಪ್ರಶ್ನೆ. ಆಪರೇಟರ್ ಸರಿಯಾದ ಊರನ್ನೇ ಆರಿಸಿದ್ದೇನೆ ಅಂತ ಆಣೆ ಮಾಡುತ್ತಾನೆ. ಬಿಲ್ಲಿನಲ್ಲಿ ಬೇರೆ ಊರು ಬರುತ್ತದೆ. ದಿನಕ್ಕೆ ಒಂದೋ ಎರಡೋ. ಮೊನ್ನೆ ಒಬ್ಬ ಹಿರಿಯರು ಬಿಲ್ ಹಿಡಿದು ವಾಪಸ್ ಬಂದು, "ಇದು ನನ್ನೂರಲ್ಲ, ಇದು ನಮ್ಮ ಬೀಗರ ಊರು" ಎಂದರಂತೆ. ಅಂಗಡಿಯಲ್ಲಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹಳೇ ವಿಬಿ, ಧಾರವಾಡ

ತಮ್ಮಾ, ಇದು ಇವತ್ತಿನ ಗೋಳಲ್ಲ. 1998ರಲ್ಲಿ ವಿಬಿ 6 (ವಿಷುಯಲ್ ಬೇಸಿಕ್) ಬಂದಾಗಲೂ ಹೀಗೇ ಇತ್ತು. ಆಗ ಸ್ಟೈಲ್ ಅಂತ ಪ್ರಾಪರ್ಟಿ. 0 ಅಂದರೆ ಟೈಪ್ ಮಾಡಬಹುದಾದ ಕಾಂಬೋ, 1 ಅಂದರೆ ಪಟ್ಟಿ ಸದಾ ತೆರೆದೇ ಇರುವುದು, 2 ಅಂದರೆ ಆರಿಸಲು ಮಾತ್ರ. ಈಗ ಹೆಸರು ಬದಲಾಗಿದೆ, ಗುಣ ಬದಲಾಗಿಲ್ಲ.

ಹೊರಗಿನಿಂದ ಒಂದೇ ಪೆಟ್ಟಿಗೆ. ಒಳಗೆ ಒಂದು ಟೆಕ್ಸ್ಟ್ ಬಾಕ್ಸ್, ಒಂದು ಪಟ್ಟಿ, ಎರಡೂ ಒಂದೇ ಮನೆಯ ಬಾಡಿಗೆದಾರರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಾನಾಗಿ ಮುಟ್ಟುವುದಿಲ್ಲ. ಆಪರೇಟರ್ ಟೈಪ್ ಮಾಡಿದ್ದು ಟೆಕ್ಸ್ಟ್ ಪ್ರಾಪರ್ಟಿಯಲ್ಲಿ ಇರುತ್ತದೆ. ಪಟ್ಟಿಯನ್ನು ಕೇಳಿದರೆ ಅದು "ನನ್ನಿಂದ ಯಾರೂ ಏನೂ ಆರಿಸಿಲ್ಲ" ಅನ್ನುತ್ತದೆ. ಸೆಲೆಕ್ಟೆಡ್‌ಇಂಡೆಕ್ಸ್ -1, ಸೆಲೆಕ್ಟೆಡ್‌ವ್ಯಾಲ್ಯೂ ನಲ್. ನೀನು ಸೇವ್ ಮಾಡುವಾಗ ಆ ವ್ಯಾಲ್ಯೂವನ್ನು ಕನ್ವರ್ಟ್ ಮಾಡಿ ಅಂಕಿ ಮಾಡಿರುತ್ತೀ. ಸಿ ಶಾರ್ಪ್‌ನಲ್ಲಿ ಕನ್ವರ್ಟ್ ಕ್ಲಾಸಿನ ಟುಇಂಟ್32ಗೆ ನಲ್ ಕೊಟ್ಟರೆ ಅದು ಕೂಗಾಡುವುದಿಲ್ಲ, ಸುಮ್ನೆ 0 ಕೊಡುತ್ತದೆ. ನಿನ್ನ ಐಡಿ 0 ಬಂದದ್ದು ಅಲ್ಲಿಂದ. ಮಾಸ್ಟರ್‌ನಲ್ಲಿ 0 ನಂಬರಿನ ಊರು ಇಲ್ಲ. ಹಾಗಾಗಿ ವರದಿಯಲ್ಲಿ ಟೇಬಲ್ ಜೋಡಿಸುವಾಗ ಆ ಸಾಲುಗಳು ಬಿದ್ದುಹೋದವು. ಊರಿನ ಕಾಲಂಗೆ ಫಾರಿನ್ ಕೀ (ಮಾಸ್ಟರ್‌ನಲ್ಲಿ ಇಲ್ಲದ ಐಡಿ ಬೇಡ ಅನ್ನುವ ಕಟ್ಟು) ಹಾಕಿದ್ದರೆ ಮೊದಲ ದಿನವೇ ಡೇಟಾಬೇಸ್ ತಡೆಯುತ್ತಿತ್ತು. ಹಾಕಿಲ್ಲ ಅಲ್ವಾ? ಗೊತ್ತು.

ಇನ್ನೊಂದು. ಪಟ್ಟಿಯಲ್ಲಿ ಇರುವ ಹೆಸರನ್ನೇ ಪೂರ್ತಿ, ತಪ್ಪಿಲ್ಲದೆ ಟೈಪ್ ಮಾಡಿದರೂ ಇಂಡೆಕ್ಸ್ -1 ಆಗಿಯೇ ಉಳಿಯಬಹುದು. ನಂಬಬೇಡ. ಕಾಂಬೋ ಬಿಟ್ಟು ಮುಂದೆ ಹೋಗುವಾಗ, ಅಂದರೆ ವ್ಯಾಲಿಡೇಟಿಂಗ್ ಇವೆಂಟಿನಲ್ಲಿ, ಟೆಕ್ಸ್ಟ್ ತಗೊಂಡು ಹಿಂದೆಮುಂದಿನ ಸ್ಪೇಸ್ ತೆಗೆದು ಫೈಂಡ್‌ಸ್ಟ್ರಿಂಗ್‌ಎಕ್ಸಾಕ್ಟ್ ಕರೆ. ಸಿಕ್ಕ ನಂಬರನ್ನು ನೀನೇ ಸೆಲೆಕ್ಟೆಡ್‌ಇಂಡೆಕ್ಸ್‌ಗೆ ಹಾಕು. ಸಿಗದಿದ್ದರೆ ಮಾತ್ರ ಹೊಸ ಊರು. ಈ ಕೆಲಸವನ್ನು ಟೆಕ್ಸ್ಟ್‌ಚೇಂಜ್ಡ್‌ನಲ್ಲಿ ಮಾಡಬೇಡ, ಅದು ಪ್ರತಿ ಅಕ್ಷರಕ್ಕೂ ಓಡುತ್ತದೆ.

ಆ "ಹುಬ್" ಎಲ್ಲಿಂದ ಬಂತು ಅಂತ ಈಗ ತಿಳಿಯಿತಾ?

ಚೀಲದ ಲೆಕ್ಕ, ಹುಬ್ಬಳ್ಳಿ

ಅಯ್ಯೋ. ಹೌದು ಸರ್, ಸೇರಿಸುವ ಕೋಡನ್ನು ಟೆಕ್ಸ್ಟ್‌ಚೇಂಜ್ಡ್‌ನಲ್ಲೇ ಬರೆದಿದ್ದೆ. ಒಂದು ಟೈಮರ್ ಇಟ್ಟಿದ್ದೆ, ಟೈಪಿಂಗ್ ನಿಂತ ಮೇಲೆ ಸೇರಿಸಲಿ ಅಂತ. ಹುಡುಗ "ಹುಬ್" ಅಂತ ಹೊಡೆದು ಚಹಾ ತಗೊಂಡಿರಬೇಕು.

ಫಾರಿನ್ ಕೀ ಹಾಕಿಲ್ಲ. ಬೈಯಿರಿ.

ಮಿರ್ಚಿ ಗಿರ್ಮಿಟ್, ಹುಬ್ಬಳ್ಳಿ

ಮೂರನೇ ಗೋಳಿಗೆ ಉತ್ತರ ನನ್ನ ಹತ್ತಿರ ಇದೆ. ಮೌಸಿನ ಚಕ್ರ.

ಆಪರೇಟರ್ ಊರು ಆರಿಸುತ್ತಾನೆ. ಪಟ್ಟಿ ಮುಚ್ಚುತ್ತದೆ. ಆದರೆ ಫೋಕಸ್ ಇನ್ನೂ ಕಾಂಬೋದಲ್ಲೇ ಇದೆ. ಫಾರ್ಮ್ ಉದ್ದ ಇದೆ ಅಂತ ಕೆಳಗೆ ಹೋಗಲು ಚಕ್ರ ತಿರುಗಿಸುತ್ತಾನೆ. ಫಾರ್ಮ್ ಸರಿಯುವ ಬದಲು ಕಾಂಬೋದೊಳಗಿನ ಊರು ಮುಂದಿನದಕ್ಕೆ ಜಾರುತ್ತದೆ. ಅವನ ಕಣ್ಣು ಆಗಲೇ ಕೆಳಗಿನ ಕಾಲಂ ಮೇಲೆ. ಹಾಗಾಗಿ ತಪ್ಪು ಊರು ಹೆಚ್ಚಾಗಿ ಪಟ್ಟಿಯಲ್ಲಿ ಹತ್ತಿರದ್ದೇ ಆಗಿರುತ್ತದೆ, ಚೆಕ್ ಮಾಡಿ ನೋಡಿ.

ಕಾಂಬೋದ ಮೌಸ್‌ವ್ಹೀಲ್ ಇವೆಂಟಿನಲ್ಲಿ ಬರುವ ಆರ್ಗ್ಯುಮೆಂಟನ್ನು ಹ್ಯಾಂಡಲ್ಡ್‌ಮೌಸ್‌ಇವೆಂಟ್‌ಆರ್ಗ್ಸ್‌ಗೆ ಬದಲಾಯಿಸಿಕೊಂಡು, ಪಟ್ಟಿ ತೆರೆದಿಲ್ಲದಿದ್ದರೆ ಹ್ಯಾಂಡಲ್ಡ್ ಅಂತ ಹೇಳಿ. ಅಷ್ಟೇ. ನಾನು ಈಗ ಯಾವ ಫಾರ್ಮ್ ಮಾಡಿದರೂ ಇದೊಂದನ್ನು ಮೊದಲೇ ಹಾಕುತ್ತೇನೆ. ಕಲಿಯಲು ನನಗೆ ಒಂದು ಗಿರಾಕಿ ಹೋಗಬೇಕಾಯಿತು.

ಚೀಲದ ಲೆಕ್ಕ, ಹುಬ್ಬಳ್ಳಿ

ಚೆಕ್ ಮಾಡಿದೆ. ತಪ್ಪಾದ 14 ಬಿಲ್ಲುಗಳಲ್ಲಿ 12ರಲ್ಲಿ ಊರು ಪಟ್ಟಿಯಲ್ಲಿ ಪಕ್ಕದ್ದು ಅಥವಾ ಮೂರು ಸಾಲು ಆಚೆಯದು. ಪಾಪ, ಆ ಹುಡುಗನಿಗೆ ಸುಮ್ನೆ ಬೈಸಿದೆ. ನಾಳೆ ಅವನಿಗೆ ಗಿರ್ಮಿಟ್ ಕೊಡಿಸುತ್ತೇನೆ, ನಿಮ್ಮ ಹೆಸರಿನಲ್ಲಿ.

ಅಚ್ಚುಮೊಳೆ, ಗದಗ

ನಾನು ಪ್ರಿಂಟಿಂಗ್ ಪ್ರೆಸ್ಸಿಗೆ ಆಕ್ಸೆಸ್‌ನಲ್ಲಿ ಜಾಬ್ ಕಾರ್ಡ್ ಮಾಡಿಕೊಟ್ಟವನು. ಗದಗದಲ್ಲಿ ಪ್ರೆಸ್ಸುಗಳಿಗೇನು ಕಡಿಮೆ, ಒಂದರಿಂದ ಒಂದು ಕೆಲಸ ಬಂತು.

ಆಕ್ಸೆಸ್‌ನಲ್ಲಿ ಇದಕ್ಕೆ ದಾರಿಯನ್ನು ಅವರೇ ಮಾಡಿಟ್ಟಿದ್ದಾರೆ. ಲಿಮಿಟ್ ಟು ಲಿಸ್ಟ್ ಅಂತ ಒಂದು ಪ್ರಾಪರ್ಟಿ. ಅದನ್ನು ಯೆಸ್ ಮಾಡಿದರೆ ಪಟ್ಟಿಯಲ್ಲಿ ಇಲ್ಲದ್ದು ಟೈಪ್ ಆದಾಗ ನಾಟ್‌ಇನ್‌ಲಿಸ್ಟ್ ಇವೆಂಟ್ ಬರುತ್ತದೆ. ಅಲ್ಲಿ ನೀವು ಹೊಸದನ್ನು ಟೇಬಲ್ಲಿಗೆ ಸೇರಿಸಿ "ಸೇರಿಸಿದೆ" ಅಂತ ಉತ್ತರ ಕೊಟ್ಟರೆ ಪಟ್ಟಿಯನ್ನು ಅದೇ ಮತ್ತೆ ಓದಿಕೊಳ್ಳುತ್ತದೆ. ಬೇಡ ಅಂದರೆ ಟೈಪ್ ಮಾಡಿದ್ದನ್ನು ಒಳಗೆ ಬಿಡುವುದಿಲ್ಲ. ವಿನ್‌ಫಾರ್ಮ್ಸ್ ಮಂದಿ ಕೈಯಾರೆ ಮಾಡುವ ಕೆಲಸ ಇದು.

ಆದರೆ ಹಳೇ ವಿಬಿ ಸಾಹೇಬರ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಎಲ್ಲ ಕಾಂಬೋಗೂ ಐಡಿ, ಮಾಸ್ಟರ್, ಫಾರಿನ್ ಕೀ ಬೇಕೇ? ನಮ್ಮ ಪ್ರೆಸ್ಸಿನಲ್ಲಿ ಕಾಗದದ ಸೈಜಿಗೆ ಕಾಂಬೋ ಇದೆ. ಡೆಮಿ, ಕ್ರೌನ್, ಎ4. ಲಗ್ನಪತ್ರಿಕೆ ಮಾಡಿಸಲು ಬಂದವರು "ಅಂಗೈ ಅಗಲ, ಮೇಲೆ ಗಣಪತಿ ಕಿವಿಯಂಗ ಕತ್ತರಿಸ್ರಿ" ಅನ್ನುತ್ತಾರೆ. ಅದನ್ನು ಹಾಗೇ ಬರೆದುಕೊಳ್ಳಬೇಕು. ಕಟಿಂಗ್ ಮಷೀನಿನವನಿಗೆ ಓದಲು ಬಂದರೆ ಸಾಕು. ಅದಕ್ಕೆ ಮಾಸ್ಟರ್ ಮಾಡಿ ಏನು ಮಾಡಲಿ? ಪಟ್ಟಿ ಬರೀ ಟೈಪಿಂಗ್ ಉಳಿಸಲು. ಕಾಲಂ ಬರೀ ಟೆಕ್ಸ್ಟ್.

ಹಳೇ ವಿಬಿ, ಧಾರವಾಡ

ಎಲ್ಲದಕ್ಕೂ ಬೇಕು ಅಂತ ನಾನು ಎಲ್ಲಿ ಹೇಳಿದೆನ್ರೀ? ನಿಮ್ಮ ಗಣಪತಿ ಕಿವಿಯನ್ನು ತಿಂಗಳ ಕೊನೆಗೆ ಯಾರೂ ಒಟ್ಟು ಹಾಕುವುದಿಲ್ಲ. ಇವನ ಊರನ್ನು ಒಟ್ಟು ಹಾಕುತ್ತಾರೆ. ಮುಂದೆ ಹುಡುಕುವುದು, ಕೂಡಿಸುವುದು ಇದ್ದರೆ ಐಡಿ. ಓದಿ ಬಿಡುವುದಿದ್ದರೆ ಟೆಕ್ಸ್ಟ್. ಡಬ್ಬಿ, ಕಡ್ಡಿ ಥರದ್ದು ಇದ್ದರೆ ಟೈಪ್ ಮಾಡಲು ಬಿಡಲೇಬಾರದು.

ಅಚ್ಚುಮೊಳೆ, ಗದಗ

ಹಾಗಾದರೆ ಇಬ್ಬರದೂ ಒಂದೇ ಮಾತು. ಜಗಳ ಮುಗಿಯಿತು. ಆದರೂ ಹೇಳುತ್ತೇನೆ, ಕಳೆದ ವರ್ಷ ಸಾಹುಕಾರರು "ಡೆಮಿ ಕಾಗದ ಒಟ್ಟು ಎಷ್ಟು ಹೋಯಿತು" ಅಂತ ಕೇಳಿದಾಗ ನನಗೂ ಬೆವರು ಬಂದಿತ್ತು. ಡೆಮಿ, ಡಿಮೈ, ಡಮ್ಮಿ ಎಲ್ಲ ಇತ್ತು.

ಎಂಟರ್ ಅಕ್ಕ, ರಾಣೆಬೆನ್ನೂರು

ಕೋಡ್ ಬರೆಯುವವರೆಲ್ಲ ಮಾತಾಡಿದಿರಿ. ನಾನು ಆ ಕಡೆ ಕೂತು ಟೈಪ್ ಮಾಡುವವಳು. ಹನ್ನೊಂದು ವರ್ಷದಿಂದ ಇದೇ ಕೆಲಸ. ಮೂರು ಅಂಗಡಿಗಳ ಸಾಫ್ಟ್‌ವೇರ್ ನೋಡಿದ್ದೇನೆ. ನಿಮ್ಮ ಕಾಂಬೋಗಳು ನಮಗೆ ಏನು ಮಾಡುತ್ತವೆ ಅಂತ ಕೇಳಿ.

ಆವಕ ಜಾಸ್ತಿ ಇರುವ ದಿನ ನನ್ನ ಕೈ ಕೀಬೋರ್ಡ್ ಬಿಟ್ಟು ಏಳುವುದಿಲ್ಲ. ಮೌಸ್ ಮುಟ್ಟುವುದೇ ಅಪರೂಪ. ಎರಡು ಅಕ್ಷರ, ಟ್ಯಾಬ್. ಎರಡು ಅಕ್ಷರ, ಟ್ಯಾಬ್. ಪರದೆ ನೋಡುವುದಿಲ್ಲ, ಚೀಟಿ ನೋಡುತ್ತೇನೆ. ಈಗ ನೀವು ಆಟೋಕಂಪ್ಲೀಟ್ ಹಾಕುತ್ತೀರಿ. ನಾನು ಅರ್ಧ ಹೊಡೆದರೆ ಉಳಿದರ್ಧ ತಾನೇ ಬಂದು ನೀಲಿ ಬಣ್ಣದಲ್ಲಿ ಕೂರುತ್ತದೆ. ಒಳ್ಳೆಯದು. ಆದರೆ ಹಿರೇಕೆರೂರ ಕಡೆ ಕೋಡ ಅಂತ ಊರಿದೆ. ರಾಣೆಬೆನ್ನೂರ ಕಡೆ ಕೋಡಿಯಾಲ ಇದೆ. ಪಟ್ಟಿಯಲ್ಲಿ ಕೋಡ ಇಲ್ಲ, ಕೋಡಿಯಾಲ ಇದೆ ಅಂದುಕೊಳ್ಳಿ. ನಾನು ಕೋಡ ಅಂತ ಪೂರ್ತಿ ಹೊಡೆದು ಟ್ಯಾಬ್ ಒತ್ತುತ್ತೇನೆ. ಬಿಲ್ಲಿನಲ್ಲಿ ಕೋಡಿಯಾಲ! ನಾನು ಬರೆದದ್ದು ಸರಿ, ನಿಮ್ಮ ಪೆಟ್ಟಿಗೆ ನನ್ನನ್ನು ತಿದ್ದಿತು. ಪ್ರತಿ ಸಲ ಡಿಲೀಟ್ ಒತ್ತಿ ನೀಲಿ ಬಾಲ ಅಳಿಸಬೇಕು ಅಂತ ಕಲಿಯಲು ನನಗೆ ಒಂದು ಸುಗ್ಗಿ ಬೇಕಾಯಿತು.

ಇನ್ನೊಂದು ಸಿಟ್ಟು. ಹೊಸ ಊರು ಹೊಡೆದರೆ "ಈ ಊರು ಪಟ್ಟಿಯಲ್ಲಿ ಇಲ್ಲ, ಸೇರಿಸಬೇಕೇ" ಅಂತ ನಡುವೆ ಒಂದು ಪೆಟ್ಟಿಗೆ ಬರುತ್ತದೆ. ನಾನು ಚೀಟಿ ನೋಡುತ್ತಾ ಎಂಟರ್ ಒತ್ತುತ್ತಲೇ ಇರುತ್ತೇನೆ. ಎಂಟರ್ ಅಂದರೆ ಹೌದು. ಊರು ಸೇರಿತು! ನಿಮ್ಮ ಪ್ರಶ್ನೆಯನ್ನು ನಾನು ಓದಿಯೇ ಇಲ್ಲ. ಪ್ರಶ್ನೆ ಕೇಳಿದರೆ ಪಟ್ಟಿ ಸ್ವಚ್ಛ ಇರುತ್ತದೆ ಅಂತ ತಿಳಿದಿದ್ದರೆ ಬಿಡಿ.

ನನಗೆ ಇಷ್ಟವಾದದ್ದು ಒಂದೇ ಸಾಫ್ಟ್‌ವೇರ್. ಅದರಲ್ಲಿ ಗೊತ್ತಿಲ್ಲದ ಊರು ಹೊಡೆದರೆ ಪೆಟ್ಟಿಗೆಯ ಹಿನ್ನೆಲೆ ಹಳದಿ ಆಗುತ್ತಿತ್ತು. ಅಷ್ಟೇ. ತಡೆಯುತ್ತಿರಲಿಲ್ಲ, ಕೇಳುತ್ತಿರಲಿಲ್ಲ. ಮಂದಿ ಹೋದ ಮೇಲೆ ಹಳದಿ ಇದ್ದದ್ದನ್ನು ನಾನೇ ಕೂತು ಸರಿ ಮಾಡುತ್ತಿದ್ದೆ.

ಚೀಲದ ಲೆಕ್ಕ, ಹುಬ್ಬಳ್ಳಿ

ಅಕ್ಕಾರ, ನಿಮ್ಮ ಹಳದಿ ಪೆಟ್ಟಿಗೆಗೆ ಕೈ ಮುಗಿದೆ. ಅದನ್ನೇ ಮಾಡುತ್ತೇನೆ. ನೀಲಿ ಬಾಲಕ್ಕೆ ಕಾರಣ ಆಟೋಕಂಪ್ಲೀಟ್‌ಮೋಡ್‌ನಲ್ಲಿ ನಾನು ಸಜೆಸ್ಟ್‌ಅಪೆಂಡ್ ಇಟ್ಟದ್ದು. ಬರೀ ಸಜೆಸ್ಟ್ ಇಟ್ಟರೆ ಕೆಳಗೆ ಪಟ್ಟಿ ತೋರಿಸುತ್ತದೆ, ಪೆಟ್ಟಿಗೆಯೊಳಗೆ ಕೈ ಹಾಕುವುದಿಲ್ಲ. ಆದರೆ ಆಗ ನೀವು ಎರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಊರು ತುಂಬುವುದಿಲ್ಲ. ಕೆಳಗಿನ ಬಾಣ ಒತ್ತಿ ಆರಿಸಬೇಕು. ನಡೆದೀತಾ?

ಎಂಟರ್ ಅಕ್ಕ, ರಾಣೆಬೆನ್ನೂರು

ಒಂದು ಬಾಣ ಜಾಸ್ತಿ ಆದರೆ ಅಡ್ಡಿಯಿಲ್ಲ ತಮ್ಮಾ. ಊರು ತಪ್ಪಿ ಬೈಸಿಕೊಳ್ಳುವುದಕ್ಕಿಂತ ಅದೇ ಮೇಲು.

ಒತ್ತಕ್ಷರ, ಧಾರವಾಡ

ಅಕ್ಕನವರ ಕೋಡ, ಕೋಡಿಯಾಲ ಉದಾಹರಣೆ ಬಹಳ ಚೆನ್ನಾಗಿದೆ. ಕಣ್ಣಿಗೆ "ಡ" ಬೇರೆ, "ಡಿ" ಬೇರೆ. ಕಂಪ್ಯೂಟರಿಗೆ "ಡಿ" ಅಂದರೆ ಡ, ಅದರ ಮುಂದೆ ಗುಡಿಸು. ಹಾಗಾಗಿ ಕೋಡ ಅನ್ನುವುದು ಕೋಡಿಯಾಲದ ಶುರುವಿನ ತುಂಡು. ಕನ್ನಡದಲ್ಲಿ ಆಟೋಕಂಪ್ಲೀಟ್ ಮಾಡುವವರು ಇದನ್ನು ಮರೆಯುತ್ತಾರೆ.

ಇನ್ನೂ ಒಂದು ಬಲೆ ಇದೆ. ನಿಮ್ಮ 1,140ರಲ್ಲಿ ನೋಡಲು ಪೂರ್ತಿ ಒಂದೇ ಥರ ಇರುವ ಎರಡು ಸಾಲು ಇವೆಯಾ? ಸ್ಪೇಸ್ ತೆಗೆದರೂ ಬೇರೆ ಬೇರೆ? ಇದ್ದರೆ ಅದು ಯುನಿಕೋಡ್, ಅಂದರೆ ಅಕ್ಷರಗಳನ್ನು ಕಂಪ್ಯೂಟರ್ ಅಂಕಿಯಾಗಿ ಇಡುವ ಪದ್ಧತಿ, ಮಾಡುವ ಕೆಲಸ. "ಕೊ" ಅಕ್ಷರವನ್ನು ಎರಡು ರೀತಿ ಇಡಬಹುದು: ಕ ಮುಂದೆ ಒ ಸ್ವರದ ಒಂದೇ ಚಿಹ್ನೆ, ಅಥವಾ ಕ ಮುಂದೆ ಎ ಚಿಹ್ನೆ, ಅದರ ಮುಂದೆ ಊ ಚಿಹ್ನೆ. "ಕೋ" ಆದರೆ ದೀರ್ಘದ ಗುರುತು ಬೇರೆ ಸೇರಿ ಇನ್ನೂ ಉದ್ದ. ಪರದೆಯ ಮೇಲೆ ಎಲ್ಲ ಒಂದೇ. ಹೋಲಿಸಿದರೆ ಬೇರೆ. ಬೇರೆ ಬೇರೆ ಕಡೆಯಿಂದ ಪಟ್ಟಿ ತಂದು ಅಂಟಿಸಿದಾಗ ಹೀಗೆ ಆಗುತ್ತದೆ. ಡಾಟ್‌ನೆಟ್‌ನಲ್ಲಿ ಸ್ಟ್ರಿಂಗಿಗೆ ನಾರ್ಮಲೈಸ್ ಅಂತ ಮೆಥಡ್ ಇದೆ, ಎರಡೂ ರೂಪವನ್ನು ಒಂದೇ ಮಾಡುತ್ತದೆ. ಸೇವ್ ಮಾಡುವ ಮೊದಲೂ ಹುಡುಕುವ ಮೊದಲೂ ಅದನ್ನು ಕರೆಯಿರಿ. ಅರ್ಧಾಕ್ಷರದ ಮುಂದೆ ಕಾಣದಂತೆ ಕೂರುವ ಝಡ್‌ಡಬ್ಲ್ಯೂಎನ್‌ಜೆ ನಾರ್ಮಲೈಸ್ ಮಾಡಿದರೂ ಹೋಗುವುದಿಲ್ಲ. ಹಾನಗಲ್ ಅಂತ ಬರೆದು ಕೊನೆಗೆ ಅದು ಉಳಿದಿದ್ದರೆ ನೀವೇ ತೆಗೆಯಬೇಕು. ಊರಿನ ನಡುವೆ ಇದ್ದರೆ ತೋರಿಸುವ ಹೆಸರಿನಲ್ಲಿ ಇರಲಿ, ಹೋಲಿಸಲು ಮಾತ್ರ ಅದಿಲ್ಲದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಹುಬ್ಳಿ, ಹುಬ್ಬಳ್ಳಿ ಮಾತ್ರ ಇದರಿಂದ ಬಗೆಹರಿಯುವುದಿಲ್ಲ. ಅದು ಬರಹದ ತಪ್ಪಲ್ಲ, ಎರಡೂ ಜನರ ಬಾಯಲ್ಲಿ ಇರುವ ಹೆಸರು. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಹುಬ್ಬಳ್ಳಿ, ಬೆಳಗಾವಿ ಅಂತಲೇ ಬರೆಯಬೇಕು ಅಂತಾಯಿತು. ಬೆರಳು ಕೇಳಬೇಕಲ್ಲ. ಅದಕ್ಕೆ ಅಡ್ಡಹೆಸರಿನ ಟೇಬಲ್ ಬೇಕು. ಒಂದು ಐಡಿಗೆ ಎಷ್ಟಾದರೂ ಹೆಸರು. ಯಾವುದನ್ನು ಹೊಡೆದರೂ ಬಿಲ್ಲಿನಲ್ಲಿ ಒಂದೇ.

ಹಳೇ ವಿಬಿ, ಧಾರವಾಡ

ತಾಲ್ಲೂಕನ್ನೂ ಸೇರಿಸಿ ತೋರಿಸು ತಮ್ಮಾ. ಹೊಸೂರು ಅಂತ ಎಷ್ಟು ಊರಿವೆ! ಫೈಂಡ್‌ಸ್ಟ್ರಿಂಗ್‌ಎಕ್ಸಾಕ್ಟ್ ಮೊದಲು ಸಿಕ್ಕ ಹೊಸೂರನ್ನು ಹಿಡಿದುಕೊಂಡು ಬರುತ್ತದೆ, ಮುಂದೆ ಇನ್ನೊಂದು ಇದೆಯೋ ಅಂತ ನೋಡುವುದಿಲ್ಲ. ತಾಲ್ಲೂಕನ್ನು ಊರಿನ ಹೆಸರಿನೊಳಗೇ ಬರೆಯಬೇಡ, ಬೇರೆ ಕಾಲಂ ಇರಲಿ, ತೋರಿಸುವಾಗ ಜೋಡಿಸು. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆ ಆದಾಗ ಹೆಸರಿನೊಳಗೆ ಜಿಲ್ಲೆ ಬರೆದಿಟ್ಟವರ ಪಾಡು ನೋಡಿದ್ದೇನೆ. ಆಮೇಲೆ ಲಕ್ಷ್ಮೇಶ್ವರ, ಗಜೇಂದ್ರಗಡ ಕೂಡ ತಾಲ್ಲೂಕು ಆದವು. ಇನ್ನೂ ಆಗುತ್ತವೆ.

ಕೊನೇ ಸೆಮಿಸ್ಟರ್, ಹಾವೇರಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾಲೇಜಿನ ಪ್ರಾಜೆಕ್ಟಿಗೆ ಪೈಥಾನ್‌ನಲ್ಲಿ ಇಂಥದ್ದೇ ಮಾಡುತ್ತಿದ್ದೇನೆ. ಟಿಕೆಇಂಟರ್‌ನ ಕಾಂಬೋಬಾಕ್ಸ್‌ನಲ್ಲಿ ಟೈಪ್ ಮಾಡಿದರೆ ಕರೆಂಟ್ ಮೆಥಡ್ -1 ಕೊಡುತ್ತದೆ. ಇದೂ ಅದೇ ಕಥೆಯಾ? ಕ್ಯೂಟಿಗೆ (ಪರದೆ ಮಾಡುವ ಇನ್ನೊಂದು ಲೈಬ್ರರಿ) ಹೋದರೆ ಸರಿಹೋಗುತ್ತದೆ ಅಂತ ಗೆಳೆಯ ಹೇಳಿದ.

ಮಿರ್ಚಿ ಗಿರ್ಮಿಟ್, ಹುಬ್ಬಳ್ಳಿ

ಅದೇ ಕಥೆ. ಗೆಟ್ ಕರೆದರೆ ಟೈಪ್ ಮಾಡಿದ್ದು ಸಿಗುತ್ತದೆ. ಹೊಸದನ್ನು ಸೇರಿಸಬೇಕಾದರೆ ವ್ಯಾಲ್ಯೂಸ್‌ಗೆ ಇಡೀ ಪಟ್ಟಿಯನ್ನು ಮತ್ತೆ ಕೊಡಬೇಕು. ಟೈಪ್ ಬೇಡವಾದರೆ ಸ್ಟೇಟ್ ರೀಡ್‌ಓನ್ಲಿ ಮಾಡು.

ಕ್ಯೂಟಿಯಲ್ಲಿ ಮತ್ತೊಂದು ಮಜಾ ಇದೆ. ಎಡಿಟೆಬಲ್ ಮಾಡಿ ಎಂಟರ್ ಒತ್ತಿದರೆ ಟೈಪ್ ಮಾಡಿದ್ದು ಪಟ್ಟಿಯ ಕೊನೆಗೆ ತಾನೇ ಸೇರುತ್ತದೆ. ಇನ್‌ಸರ್ಟ್‌ಪಾಲಿಸಿ ಮೊದಲಿನಿಂದ ಹಾಗೇ ಇರುವುದು. ನೀನು "ಆಹಾ ಸೇವ್ ಆಯಿತು" ಅಂದುಕೊಳ್ಳುತ್ತೀ. ಅದು ಮೆಮರಿಯಲ್ಲಿ ಮಾತ್ರ. ನಾಳೆ ತೆರೆದರೆ ಇಲ್ಲ. ನೋಇನ್‌ಸರ್ಟ್ ಮಾಡಿ, ಸೇರಿಸುವ ಕೆಲಸ ನೀನೇ ಮಾಡು.

ಜಾವಾ ಮಂದಿ ಖುಷಿ ಪಡಬೇಡಿ. ಸ್ವಿಂಗ್‌ನ ಜೆಕಾಂಬೋಬಾಕ್ಸ್‌ನಲ್ಲಿ ಊರಿನ ಆಬ್ಜೆಕ್ಟುಗಳನ್ನು ತುಂಬಿ ಎಡಿಟೆಬಲ್ ಮಾಡಿದರೆ, ಪಟ್ಟಿಯಲ್ಲಿ ಇಲ್ಲದ್ದನ್ನು ಟೈಪ್ ಮಾಡಿದಾಗ ಗೆಟ್‌ಸೆಲೆಕ್ಟೆಡ್‌ಐಟಂ ಊರನ್ನು ಕೊಡುವುದಿಲ್ಲ, ಬರೀ ಸ್ಟ್ರಿಂಗ್ ಕೊಡುತ್ತದೆ. ನೋಡದೆ ಅದನ್ನು ಊರು ಅಂತ ಕಾಸ್ಟ್ ಮಾಡಿದರೆ (ಬೇರೆ ಟೈಪಾಗಿ ಬಳಸಿದರೆ) ಢಮಾರ್.

ಕೊನೇ ಸೆಮಿಸ್ಟರ್, ಹಾವೇರಿ

ತುಂಬಾ ಥ್ಯಾಂಕ್ಸ್ ಅಣ್ಣಾ. ಇನ್ನೊಂದು, ಗೆಳೆಯನ ವಿನ್‌ಫಾರ್ಮ್ಸ್ ಪ್ರಾಜೆಕ್ಟಿನಲ್ಲಿ ಎರಡು ಕಾಂಬೋ ಇವೆ. ಒಂದನ್ನು ಬದಲಾಯಿಸಿದರೆ ಇನ್ನೊಂದೂ ಬದಲಾಗುತ್ತದೆ. ದೆವ್ವ ಹಿಡಿದ ಹಾಗೆ.

ಮಿರ್ಚಿ ಗಿರ್ಮಿಟ್, ಹುಬ್ಬಳ್ಳಿ

ಎರಡಕ್ಕೂ ಒಂದೇ ಡೇಟಾಸೋರ್ಸ್ ಕೊಟ್ಟಿದ್ದಾನೆ. ಒಂದೊಂದಕ್ಕೆ ಬೇರೆ ಬೇರೆ ಬೈಂಡಿಂಗ್‌ಸೋರ್ಸ್ ಕೊಡಲಿ. ದೆವ್ವ ಬಿಡುತ್ತದೆ.

ಚೀಲದ ಲೆಕ್ಕ, ಹುಬ್ಬಳ್ಳಿ

ಮೂರು ವಾರ ಆಯಿತು. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಚಕ್ರ ನಿಲ್ಲಿಸಿದೆ. ಆವತ್ತಿನಿಂದ ಬೀಗರ ಊರಿನ ತಕರಾರು ಬಂದಿಲ್ಲ. ಐಡಿಗೆ ಫಾರಿನ್ ಕೀ ಬಿತ್ತು. ಟೈಪ್ ಮಾಡಿದ ಹೆಸರು ಮೊದಲು ನಾರ್ಮಲೈಸ್ ಆಗಿ ಅಡ್ಡಹೆಸರಿನ ಟೇಬಲ್ಲಿನಲ್ಲಿ ಹುಡುಕುತ್ತದೆ. ಸಿಕ್ಕದ್ದು ಒಂದೇ ಊರಾದರೆ ಅದೇ. ಒಂದಕ್ಕಿಂತ ಜಾಸ್ತಿ ಇದ್ದರೆ ಪಟ್ಟಿ ತೆರೆದು ತಾಲ್ಲೂಕಿನ ಜೊತೆ ತೋರಿಸುತ್ತದೆ. ಕೋಡಿನಿಂದ ಪಟ್ಟಿ ತೆರೆದಾಗ ಮೌಸಿನ ಬಾಣ ಮಾಯವಾಯಿತು, ಅದಕ್ಕೆ ಅರ್ಧ ದಿನ ಹೋಯಿತು. ಕರ್ಸರನ್ನು ಮತ್ತೆ ಡಿಫಾಲ್ಟ್ ಮಾಡಿದರೆ ಬರುತ್ತದೆ ಅಂತ ಆಮೇಲೆ ತಿಳಿಯಿತು. ಏನೂ ಸಿಗದಿದ್ದರೆ ಅಕ್ಕನವರ ಹಳದಿ. ಆ ಊರು "ಇನ್ನೂ ನೋಡಿಲ್ಲ" ಅನ್ನುವ ಗುರುತಿನ ಜೊತೆ ಸೇರುತ್ತದೆ, ಬಿಲ್ ನಿಲ್ಲುವುದಿಲ್ಲ. ಹಳದಿ ಊರುಗಳಿಗೆ ಬೇರೆ ಪರದೆ ಮಾಡಿದ್ದೇನೆ. ಎಡಕ್ಕೆ ಹಳದಿ, ಬಲಕ್ಕೆ ಮಾಸ್ಟರ್. "ಇದೇ ಅದು" ಒತ್ತಿದರೆ ಹಳೆಯ ಬಿಲ್ಲುಗಳ ಐಡಿ ಕೂಡ ಬದಲಾಗುತ್ತದೆ, ಹಳದಿ ಹೆಸರು ಅಡ್ಡಹೆಸರಾಗಿ ಉಳಿಯುತ್ತದೆ. ಎಲ್ಲ ಒಂದೇ ಟ್ರಾನ್ಸಾಕ್ಷನ್‌ನಲ್ಲಿ.

ಆ ಪರದೆ ಮುಂದೆ ಸಾಹುಕಾರರೇ ಕೂತರು. ನಾನು ಅವರಿಗೆ ಕಷ್ಟ ಆದೀತು ಅಂದುಕೊಂಡಿದ್ದೆ. ಒಂದೊಂದು ಊರಿನ ಹೆಸರು ನೋಡಿ "ಇದು ಆದೋನಿ ದಾಟಿದ ಮ್ಯಾಲೆ ಬಲಕ್ಕ", "ಇದು ಊರಲ್ಲ, ಇದು ರೈತನ ಅಡ್ಡಹೆಸರು" ಅಂತ ಹೇಳುತ್ತಾ ಹೋದರು. 1,140 ಹೋಗಿ 742ಕ್ಕೆ ಬಂತು. ಅವರ ತಲೆಯಲ್ಲಿ ಇದ್ದ ಪಟ್ಟಿಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು.

ಈಗ ಹೊಸ ಹುಕುಂ ಬಂದಿದೆ. "ರೈತರ ಹೆಸರಿಗೂ ಹಿಂಗೇ ಮಾಡು, ಎರಡೆರಡು ಸಲ ಬರ್ದಾನ ಹುಡುಗ" ಅಂತ. ಅದೇ ಕೋಡ್ ಅಲ್ಲಿಗೂ ಹಾಕಲಾ?

ಎಂಟರ್ ಅಕ್ಕ, ರಾಣೆಬೆನ್ನೂರು

ಬೇಡ ತಮ್ಮಾ, ಬೇಡ. ಒಂದೇ ಊರಿನ ಬಸವರಾಜ ನಾಲ್ಕು ಜನ ಇರುತ್ತಾರೆ. ಅವರ ಅಪ್ಪಂದಿರ ಹೆಸರೂ ಒಂದೇ ಇರುತ್ತದೆ. ಒಬ್ಬರ ರೊಕ್ಕ ಇನ್ನೊಬ್ಬರ ಖಾತೆಗೆ ಹೋದರೆ ಹಳದಿ ಬಣ್ಣ ಬಂದು ಬಿಡಿಸುವುದಿಲ್ಲ. ಮೊದಲು ಮೊಬೈಲ್ ನಂಬರ್ ಕೇಳಿಸು, ಆಮೇಲೆ ಹೆಸರು.

ಚೀಲದ ಲೆಕ್ಕ, ಹುಬ್ಬಳ್ಳಿ

ಒಂದೇ ಮೊಬೈಲ್ ನಂಬರನ್ನು ಮನೆಯವರೆಲ್ಲ ಕೊಡುತ್ತಾರಲ್ಲ ಅಕ್ಕಾ?

ಎಂಟರ್ ಅಕ್ಕ, ರಾಣೆಬೆನ್ನೂರು

ಕೊಡುತ್ತಾರೆ. ಅದಕ್ಕೇ ನಂಬರ್ ಹೊಡೆದ ಮೇಲೆ ಆ ಮನೆಯವರ ಹೆಸರಷ್ಟೇ ಪಟ್ಟಿಯಲ್ಲಿ ಬರಲಿ. ನಾಲ್ಕೈದು ಹೆಸರು. ಕೇಳಿ ಆರಿಸುತ್ತೇವೆ.